ಎದೆನೋವು ಬೆಳಗಿನ ಬಸ್ಸಿಗೆ ಕಾಯುವುದಿಲ್ಲ
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಶಾಲೆಯ ಹಬ್ಬದ ದಿನ ಕಾಯಿಲೆಯ ಮಾತೇಕೆ ಎಂದು ನೀವು ಕೇಳಬಹುದು. ನಾನು ಮೆಡಿಕಲ್ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ, ಒಂದು ರಾತ್ರಿ ಅಪ್ಪನಿಗೆ ಎದೆ ಹಿಂಡಿದಂತಾಗಿ ಮೈಯೆಲ್ಲ ಬೆವರಿತು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದರು, ಜೀರಿಗೆ ಕಷಾಯ ಕುಡಿದರು. ಬೆಳಗಿನ ಮೊದಲ ಬಸ್ಸಿಗೆ ಹೋದರಾಯಿತು ಎಂದು ಮಲಗಿದರು. ಬಸ್ಸು ಬರುವ ಮೊದಲೇ ಅಪ್ಪ ಹೋಗಿದ್ದರು.

ಹೃದಯಾಘಾತ ಎಂದರೆ ಇಷ್ಟೇ: ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ಕೊಬ್ಬಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಕಾಲುವೆ ಕಟ್ಟಿಕೊಂಡರೆ ಕೆಳಗಿನ ಗದ್ದೆ ಒಣಗಿದ ಹಾಗೆ. ಗದ್ದೆ ಕೆಲವು ದಿನ ತಡೆದೀತು. ಹೃದಯಕ್ಕೆ ಇರುವುದು ಕೆಲವೇ ಗಂಟೆ. ಸತ್ತ ಸ್ನಾಯು ಮತ್ತೆ ಚಿಗುರುವುದಿಲ್ಲ.

ಬೇಗ ಸಿಗುವುದಾದರೆ ಆಂಜಿಯೋಪ್ಲಾಸ್ಟಿಯೇ ಉತ್ತಮ. ಆದರೆ ಅದು ದೊಡ್ಡ ಊರುಗಳಲ್ಲಿದೆ. ಹಳ್ಳಿಯವರ ಗತಿ? 2013ರಲ್ಲಿ ‘ಸ್ಟ್ರೀಮ್’ ಎಂಬ ಅಧ್ಯಯನ ಪ್ರಕಟವಾಯಿತು. ನೋವು ಶುರುವಾಗಿ 3 ಗಂಟೆಯೊಳಗೆ ಬಂದ, ಆದರೆ ಒಂದು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಿಗುವಂತಿರದ ಸುಮಾರು 1,900 ಜನ ಅದರಲ್ಲಿದ್ದರು. ಕೆಲವರಿಗೆ ಮೊದಲು ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಟ್ಟು, ಆಮೇಲೆ ಆಂಜಿಯೋಗ್ರಾಂ ಮಾಡಿದರು. ಉಳಿದವರಿಗೆ ನೇರವಾಗಿ ಆಂಜಿಯೋಪ್ಲಾಸ್ಟಿ. ತಿಂಗಳ ಕೊನೆಗೆ ಎರಡೂ ಗುಂಪಿನ ಫಲ ಹೆಚ್ಚುಕಡಿಮೆ ಒಂದೇ. ಚುಚ್ಚುಮದ್ದಿನಿಂದ ಮಿದುಳಿನ ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚಿತ್ತು. ಹಾಗಾಗಿ 75 ವರ್ಷ ದಾಟಿದವರಿಗೆ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು.

ನಮ್ಮ ರಾಜ್ಯದಲ್ಲಿ 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇದೇ ದಾರಿಯದು. 46ನೇ ವಯಸ್ಸಿಗೇ ನಮ್ಮನ್ನಗಲಿದ ಆ ನಟನ ಹೆಸರು ಅದಕ್ಕಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುತ್ತಾರೆ. ಅಗತ್ಯವಿದ್ದರೆ ಆ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಟ್ಟು, ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ.

ಔಷಧಿ ಹತ್ತಿರ ಬಂದಿದೆ. ಇನ್ನು ಹೊರಡಬೇಕಾದವರು ನಾವು. ಎದೆ ಹಿಂಡುವುದು, ತಣ್ಣನೆ ಬೆವರು, ತೋಳು, ದವಡೆ ಅಥವಾ ಬೆನ್ನಿಗೆ ಹರಿಯುವ ನೋವು ಕಂಡರೆ ಕಾಯಬೇಡಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ನೋವೇ ಇಲ್ಲದೆ ಬರೀ ಉಬ್ಬಸ, ಸುಸ್ತು ಬರಬಹುದು. 108ಕ್ಕೆ ಫೋನ್ ಮಾಡಿ. ತಾವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಮೊದಲ ಇಸಿಜಿ ಸರಿಯಿದೆ ಎಂದರೂ ನೋವು ನಿಲ್ಲದಿದ್ದರೆ ಮತ್ತೊಮ್ಮೆ ತೆಗೆಯಲು ಕೇಳಿ.

ಪಂಚಾಯಿತಿಯವರಲ್ಲಿ ಒಂದು ಬಿನ್ನಹ. ನಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಎಂದು ವಿಚಾರಿಸಿ, ಶಾಲೆಯ ಗೋಡೆಯ ಮೇಲೆ ಬರೆಸಿ. ನೋವು ಬಂದ ರಾತ್ರಿ ಹುಡುಕುವ ಮಾಹಿತಿ ಅದಲ್ಲ.

ಮಕ್ಕಳೆ, ಇವತ್ತು ಮನೆಗೆ ಹೋಗಿ ಅಪ್ಪ ಅಮ್ಮನಿಗೆ ಇಷ್ಟು ಹೇಳಿ: ಗ್ಯಾಸ್ಟ್ರಿಕ್ಕೋ ಹೃದಯವೋ ಎಂದು ತೀರ್ಮಾನ ಮಾಡುವುದು ಇಸಿಜಿ, ನಾವಲ್ಲ. ನನಗೆ ಆ ರಾತ್ರಿ ಹೇಳಲಾಗಲಿಲ್ಲ. ನೀವು ಹೇಳಿ.