ಕಾಲು ಕಳೆದುಕೊಂಡ ಬಡಗಿಯ 84 ಹಡಗುಗಳು

(ಕೆಲಸಗಾರರ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ಸಂಜೆ ಚಿತ್ರಗಳ ವಿಷಯ ಮಾತಾಡುತ್ತೇವೆ ಎಂದಾಗ ಕೆಲವರು ನಕ್ಕರು. ಹೊಟ್ಟೆಯ ಪ್ರಶ್ನೆ ಇರುವಾಗ ಚಿತ್ರವೇಕೆ ಎಂದರು. ಮೊದಲು ಕೇಳಿರಿ, ಆಮೇಲೆ ನಗಿರಿ.

ನಾವು ಮಾಸ್ತರರಾಗಿದ್ದಾಗ ಹಾಲೆಂಡ್ ದೇಶದ ಪಾಠ ಮಾಡುತ್ತಿದ್ದೆವು. ಸಮುದ್ರಕ್ಕೆ ಒಡ್ಡು ಕಟ್ಟಿ ನೆಲ ಗೆದ್ದ ದೇಶ. 1602ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಟ್ಟಿ ಮೆಣಸು ಲವಂಗಗಳಿಂದ ಐಶ್ವರ್ಯ ಗಳಿಸಿದ ದೇಶ. ಪಾಠ ಅಲ್ಲಿಗೆ ಮುಗಿಯಿತು. ಆ ಹಡಗುಗಳನ್ನು ಕಟ್ಟಿದವರು ಯಾರು, ನಡೆಸಿದವರು ಯಾರು ಎಂದು ಪುಸ್ತಕ ಹೇಳಲಿಲ್ಲ, ನಾವೂ ಹೇಳಲಿಲ್ಲ. ಅದನ್ನು ಹೇಳುವವು ಆ ದೇಶದ ತಾಮ್ರದ ತಗಡಿನ ಚಿತ್ರಗಳು.

ಅವನ್ನು ಮಾಡುವ ರೀತಿ ಹೀಗೆ. ನುಣುಪಾದ ತಾಮ್ರದ ತಗಡಿಗೆ ಮೇಣ, ರಾಳ ಬೆರೆಸಿ ಬಳಿಯುತ್ತಾರೆ. ಅದರ ಮೇಲೆ ಸೂಜಿಯಿಂದ ಗೀರಿ ಚಿತ್ರ ಬರೆಯುತ್ತಾರೆ. ತಗಡನ್ನು ಆಮ್ಲದಲ್ಲಿಟ್ಟರೆ ಗೀರಿದಲ್ಲಿ ಮಾತ್ರ ತಾಮ್ರ ಕೊರೆದುಹೋಗುತ್ತದೆ. ಆ ಗೆರೆಗಳಲ್ಲಿ ಮಸಿ ತುಂಬಿ, ಮೇಲಿನ ಮಸಿ ಒರೆಸಿ, ಒದ್ದೆ ಕಾಗದವಿಟ್ಟು ಉರುಳೆಯಲ್ಲಿ ಒತ್ತಿದರೆ ಚಿತ್ರ ಸಿದ್ಧ. ತಗಡು ಒಂದು, ಪ್ರತಿಗಳು ಅನೇಕ. ಬಣ್ಣದ ಚಿತ್ರ ಒಬ್ಬ ಸಾಹುಕಾರನ ಗೋಡೆಗೆ ಹೋದರೆ, ಈ ಹಾಳೆ ಹಲವರ ಕೈಗೆ ಹೋಗುತ್ತಿತ್ತು.

ಹದಿನೇಳನೆಯ ಶತಮಾನದಲ್ಲಿ ರೇನಿಯರ್ ನೋಮ್ಸ್ ಎಂಬವನಿದ್ದ. ಹಡಗಿನಲ್ಲಿ ದುಡಿದವನು. ತನ್ನ ಚಿತ್ರಗಳಿಗೆ 'ಝೇಮನ್' ಎಂದು, ಅಂದರೆ ನಾವಿಕ ಎಂದು ರುಜು ಹಾಕುತ್ತಿದ್ದ. ಕಸುಬೇ ಅವನ ಹೆಸರು. ಗೆದ್ದ ಯುದ್ಧಗಳ ವೈಭವಕ್ಕೇ ಅವನು ನಿಲ್ಲಲಿಲ್ಲ. ಆಮ್‌ಸ್ಟರ್‌ಡ್ಯಾಮಿನ ಬಂದರದಲ್ಲಿ ಹಡಗನ್ನು ಮಗ್ಗುಲಿಗೆ ಒರಗಿಸಿ ತಳ ರಿಪೇರಿ ಮಾಡುವುದನ್ನೂ ಬರೆದ.

ನೇಯುವ ಸಂಗಾತಿಗಳೆ, ಇಂಥ ಚಿತ್ರಗಳಲ್ಲಿ ಹಾಯಿಗಳನ್ನು ನೋಡಿರಿ. ಆ ದೇಶದಲ್ಲಿ ಕ್ರೊಮೆನಿ ಎಂಬ ಊರಿನ ನೇಕಾರರು ಹಾಯಿಬಟ್ಟೆಗೆ ಹೆಸರಾಗಿದ್ದರು. ಗಾಳಿ ದೇವರದಾದರೂ ಅದನ್ನು ಹಿಡಿದದ್ದು ಮಗ್ಗದ ಬಟ್ಟೆ. ಮೀನಿನ ಹಡಗುಗಳನ್ನೂ ನೋಡಿರಿ. ಹೆರಿಂಗ್ ಎಂಬ ಮೀನನ್ನು ನಡುಸಮುದ್ರದಲ್ಲೇ ಸೀಳಿ, ಉಪ್ಪು ಹಾಕಿ, ಪೀಪಾಯಿಗೆ ತುಂಬುತ್ತಿದ್ದರು. ಹಡಗೆಂದರೆ ಅವರಿಗೆ ತೇಲುವ ಕಾರ್ಖಾನೆ.

ಈಗ ಬಡಗಿಯ ಮಾತು. ರಾಟರ್‌ಡ್ಯಾಮಿನ ಗೆರಿಟ್ ಗ್ರುನೆವೆಗೆನ್ ಹುಟ್ಟಿದ್ದು 1754ರಲ್ಲಿ. ಹಡಗು ಕಟ್ಟುವ ಬಡಗಿ. ಅಪಘಾತದಲ್ಲಿ ಒಂದು ಕಾಲು ಹೋಯಿತು. ಕಾಲಿನೊಂದಿಗೆ ಕೆಲಸವೂ ಹೋಯಿತು. ಆದರೆ ಯಾವ ಹಲಗೆ ಎಲ್ಲಿ ಕೂಡುತ್ತದೆ, ಯಾವ ಹಗ್ಗ ಯಾವ ಕಂಬಕ್ಕೆ ಎಂಬ ತಿಳಿವಳಿಕೆ ಹೋಗಲಿಲ್ಲ. ಸೂಜಿ ಹಿಡಿದ. 1789ರಲ್ಲಿ, ಫ್ರಾನ್ಸಿನ ಜನ ಬ್ಯಾಸ್ಟೀಲ್ ಕೋಟೆ ಹಿಡಿದ ವರ್ಷವೇ, ಅವನ 84 ಹಡಗುಗಳ ಚಿತ್ರಮಾಲೆ ಹೊರಬಂತು. ಸಾಗರ ದಾಟುವ ದೊಡ್ಡ ಹಡಗು, ಮೀನಿನ ದೋಣಿ, ಒಳನೀರಿನಲ್ಲಿ ಸರಕು ಹೊರುವ ಚಿಕ್ಕ ದೋಣಿ, ಎಲ್ಲಕ್ಕೂ ಒಂದೇ ಮರ್ಯಾದೆ. ಫೋಟೋ ಇಲ್ಲದ ಆ ಕಾಲದ ಹಡಗು ಹೇಗಿತ್ತೆಂದು ತಿಳಿಯಲು ಇಂದಿನ ಪಂಡಿತರು ಇಂಥ ಹಾಳೆಗಳನ್ನೇ ತೆರೆಯುತ್ತಾರೆ. ಕಂಪನಿ 1799ರಲ್ಲಿ ಮುಗಿದುಹೋಯಿತು. ಬಡಗಿಯ ಗೆರೆ ಉಳಿದಿದೆ.

ಕಾಲು ಹೋದರೆ ಚಿತ್ರ ಬರೆಯಿರಿ ಎಂದು ನಾವು ಹೇಳುತ್ತಿಲ್ಲ. ಅದು ಮಾಲೀಕರಿಗೆ ಬಹಳ ಹಿಡಿಸುವ ಉಪದೇಶ! ಅಂಗ ಹೋದವನಿಗೆ ಪರಿಹಾರ ಸಿಗುವುದು ಹಕ್ಕು, ಅದಕ್ಕಾಗಿ ಹೋರಾಡಲೇಬೇಕು. ಆದರೆ ಇನ್ನೊಂದು ಮಾತಿದೆ. ಯಂತ್ರಕ್ಕೆ ಬೆರಳು ಕೊಟ್ಟವರನ್ನು ನಾವು ಬಲ್ಲೆವು. ಬೆರಳು ಹೋದ ದಿನವೇ ಅವರ ಇಪ್ಪತ್ತು ವರ್ಷದ ಕಸುಬನ್ನೂ ಲೆಕ್ಕದಿಂದ ಹೊಡೆದುಹಾಕುತ್ತಾರೆ. ನಾವೂ ಹಾಗೆ ಮಾಡಬಾರದು. ನೂಲು ಕಡಿಯುವುದೇಕೆ, ಯಾವ ಸದ್ದಿಗೆ ಯಂತ್ರ ನಿಲ್ಲಿಸಬೇಕು, ತಕ್ಕಡಿಯ ಮೋಸ ಎಲ್ಲಿದೆ, ಇವೆಲ್ಲ ನಿಮ್ಮ ಕೈಗೆ ಗೊತ್ತು. ಬರೆದಿಡಿರಿ. ಬರೆಯಲು ಬಾರದವರು ಹೇಳಿರಿ, ನಾವು ಬರೆದುಕೊಳ್ಳುತ್ತೇವೆ. ಮಾಸ್ತರಿಕೆಯಿಂದ ನಮಗೆ ಉಳಿದಿರುವ ಉಪಯೋಗ ಅದೊಂದೇ.