ಪಾಠವಾದ ನಡೆಗಳು ಮುಗಿದ ಮೇಲೆ



ಚೆಸ್ ತರಬೇತುದಾರರ ಈ ಸಂಕಿರಣದ ವಿಷಯ ಓಪನಿಂಗ್ ಅಭ್ಯಾಸ. ನನಗೆ ಮೊದಲು ನೆನಪಾಗುವುದು ಓಪನಿಂಗ್ ಅಷ್ಟಾಗಿ ಓದದೇ ಇದ್ದ ಒಬ್ಬರು. ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವರ ಕೈ ಪಳಗಿದ್ದದ್ದು ನಮ್ಮ ಹಳೆಯ ದೇಶೀ ಚದುರಂಗದಲ್ಲಿ. ಅಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ಯುರೋಪಿನವರಿಗೆ ಬಾಯಿಪಾಠವಾಗಿದ್ದ ಆರಂಭಗಳು ಅವರಿಗೆ ಹೊಸವು. ಆದರೂ ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932, 1933ರಲ್ಲಿ ಮತ್ತೆ ಗೆದ್ದರು. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಕಪಾಬ್ಲಾಂಕ ಅವರನ್ನೇ ಸೋಲಿಸಿದರು.

ಹಾಗಾದರೆ ಓಪನಿಂಗ್ ಬೇಡ ಎಂದು ಖುಷಿಪಡುವಂತಿಲ್ಲ. ಆರಂಭದಲ್ಲಿ ಇಕ್ಕಟ್ಟಿಗೆ ಸಿಕ್ಕಿ ಆಮೇಲೆ ಬೆವರಿಳಿಸಿ ಹೊರಬರುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದರೆ ನಮ್ಮ ಮಕ್ಕಳ ಕಷ್ಟ ಇದಕ್ಕೆ ತಿರುವುಮುರುವು. ಎಂಜಿನ್ ಹೇಳಿದ ಹದಿನೈದು ನಡೆ ಕಂಠಪಾಠ; ಎದುರಾಳಿ ಆರನೆಯದರಲ್ಲೇ ದಾರಿ ತಪ್ಪಿಸಿದರೆ ಕೈ ಕಟ್ಟಿಹೋಗುತ್ತದೆ. (“ಈ ವಾರ ಯಾವ ಹೊಸ ಲೈನ್ ಹೇಳಿಕೊಟ್ರಿ ಸಾರ್?” ಎಂದು ಕೇಳುವ ಪೋಷಕರ ಪಾಲೂ ಇದರಲ್ಲಿದೆ, ಬಿಡಿ.)

ಕ್ವೀನ್ಸ್ ಗ್ಯಾಂಬಿಟ್‌ನ ಎಕ್ಸ್‌ಚೇಂಜ್ ಆಟವನ್ನೇ ನೋಡೋಣ. ಬಿಳಿಯ ಸಿ-ಪಾನ್ ಡಿ5ರಲ್ಲಿ ಹೊಡೆಯುತ್ತದೆ, ಕಪ್ಪು ಇ-ಪಾನಿನಿಂದ ಮರಳಿ ಹೊಡೆಯುತ್ತದೆ. ಈಗ ರಾಣಿಯ ಬದಿಯಲ್ಲಿ ಬಿಳಿಗೆ ಎರಡು ಪಾನ್, ಕಪ್ಪಿಗೆ ಮೂರು. ಕಡಿಮೆ ಇರುವ ಬಿಳಿಯೇ ಅಲ್ಲಿ ಮೇಲೆ ಬೀಳುತ್ತದೆ: ಬಿ4, ಬಿ5, ನಂತರ ಸಿ6ರಲ್ಲಿ ಹೊಡೆತ. ಅಲ್ಲಿ ಉಳಿಯುವ ಒಂದು ಬಡಪಾಯಿ ಪಾನನ್ನು ಕಾಯುವುದರಲ್ಲೇ ಕಪ್ಪು ಹೈರಾಣ. ಸುಮ್ಮನಿರಲಾಗದ ಕಪ್ಪು ಕುದುರೆಯನ್ನು ಇ4ರಲ್ಲಿ ಕೂರಿಸಿ ರಾಜನತ್ತ ನುಗ್ಗಬೇಕು. ಇಷ್ಟು ತಿಳಿದ ಹುಡುಗಿ ನಡೆಗಳ ಕ್ರಮ ಮರೆತರೂ ಆಡಬಲ್ಲಳು. ಅವಳಿಗೆ ಇನ್ನೊಂದು ಲಾಭವೂ ಇದೆ. ಕ್ಯಾರೋ-ಕಾನ್‌ನ ಎಕ್ಸ್‌ಚೇಂಜ್‌ನಲ್ಲಿ ಇದೇ ರಚನೆ ಬಣ್ಣ ಬದಲಿಸಿಕೊಂಡು ಬರುತ್ತದೆ. ಅಲ್ಲಿ ಬಿ-ಪಾನ್ ಓಡಿಸುವ ಸರದಿ ಕಪ್ಪಿನದು. ಅದಕ್ಕೇ ಓಪನಿಂಗನ್ನು ಪಾನ್ ರಚನೆಯಿಂದ ಹಿಂದಕ್ಕೆ ಕಲಿಸಬೇಕೆಂಬುದು ನನ್ನ ಹಟ.

2000ದಲ್ಲಿ ಲಂಡನ್ನಿನಲ್ಲಿ ಕ್ಯಾಸ್ಪರೋವ್ ಎದುರಿನ ಪಂದ್ಯದಲ್ಲಿ ಕ್ರಾಮ್ನಿಕ್ ಮಾಡಿದ್ದೂ ಇದನ್ನೇ. ಬರ್ಲಿನ್ ಡಿಫೆನ್ಸ್‌ನಲ್ಲಿ ಎಂಟನೇ ನಡೆಗೇ ರಾಣಿಗಳನ್ನು ಹೊರಗಟ್ಟಿ, ಕ್ಯಾಸ್ಲಿಂಗ್ ಕಳೆದುಕೊಂಡ ರಾಜನೊಂದಿಗೇ ಎಂಡ್‌ಗೇಮಿಗೆ ಇಳಿದರು. ಆ ಪಂದ್ಯದಲ್ಲಿ ಕ್ಯಾಸ್ಪರೋವ್ ಒಂದು ಆಟವನ್ನೂ ಗೆಲ್ಲಲಿಲ್ಲ.

ಹಾಗಾಗಿ ಮುಂದಿನ ಗೋಷ್ಠಿಗಳಲ್ಲಿ ಲೈನುಗಳ ಪಟ್ಟಿ ಬೇಡ. ನಿಮ್ಮ ಶಿಷ್ಯರು ಸೋತ ಆಟಗಳ ಸ್ಕೋರ್‌ಶೀಟ್ ತೆಗೆದಿಡಿ. ಕಲಿತ ದಾರಿ ಎಷ್ಟನೇ ನಡೆಗೆ ಮುಗಿಯಿತು, ಸೋಲು ಅಲ್ಲೇ ಆಯಿತೋ ಮೂವತ್ತನೆಯದರಲ್ಲೋ, ಗುರುತು ಹಾಕೋಣ. ಹೊಸ ಕಲಿಕೆಯವರ ವಾರದ ಪಾಠದಲ್ಲಿ ಓಪನಿಂಗಿಗೆ ಎಷ್ಟು ಗಂಟೆ ಎಂಬ ಜಗಳವನ್ನು ಅದಾದ ಮೇಲೆ ಆಡೋಣ. ಅರ್ಧಕ್ಕಿಂತ ಹೆಚ್ಚು ಎನ್ನುವವರ ಎದುರು ವಾದಿಸಲು ನಾನು ಸಿದ್ಧನಾಗಿ ಬಂದಿದ್ದೇನೆ.