ಉಮೇದುವಾರರ ದೇಹಪರೀಕ್ಷೆ
(ಭಾಗ್ಯನಗರದ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆಗೆ ನಿಲ್ಲುವ ಉಮೇದುವಾರರೆಲ್ಲರೂ ಸ್ವತಂತ್ರ ವೈದ್ಯರಿಂದ ದೇಹಪರೀಕ್ಷೆ ಮಾಡಿಸಿಕೊಂಡು ಪ್ರಮಾಣಪತ್ರ ತರಬೇಕೆಂಬ ಮಾತು ವಿದ್ಯಾವಂತರ ಬಾಯಲ್ಲಿ ಆಗಾಗ ಕೇಳಿಬರುವದು. ಈ ಸಭೆಯಲ್ಲಿ ಶಿಕ್ಷಕರು ಅನೇಕರಿರುವಿರಿ. ಸರಕಾರಿ ಕೆಲಸಕ್ಕೆ ಸೇರುವಾಗ ನೀವು ವೈದ್ಯರ ಮುಂದೆ ನಿಂತು ಕಣ್ಣು, ಕಿವಿ, ಎದೆಗಳನ್ನು ತೋರಿಸಿ ಬಂದವರು. ನಲವತ್ತು ಹುಡುಗರಿಗೆ ಪಾಠ ಹೇಳುವವನಿಗೆ ಬೇಕಾದ ಪತ್ರವು ಕೋಟ್ಯವಧಿ ಜನರನ್ನು ಆಳುವವನಿಗೆ ಬೇಡವೇ ಎಂಬ ನಿಮ್ಮ ಪ್ರಶ್ನೆಯು ನ್ಯಾಯವಾದುದೇ. ಆದರೂ ಆ ಪತ್ರವನ್ನು ಚುನಾವಣೆಯ ಬಾಗಿಲಲ್ಲಿ ಕೇಳುವದು ತಪ್ಪೆಂದೂ, ಅಧಿಕಾರ ವಹಿಸಿದ ತರುವಾಯ ಕೇಳುವ ಏರ್ಪಾಡು ಅವಶ್ಯವೆಂದೂ ನನ್ನ ಅಭಿಪ್ರಾಯ.

ಈಗಿನ ಕಾಯಿದೆ ಏನು ಹೇಳುವದು? ಅಧಿಕಾರವುಳ್ಳ ನ್ಯಾಯಾಲಯವು ಅಸ್ವಸ್ಥಚಿತ್ತನೆಂದು ಸಾರಿದವನು ಶಾಸಕನಾಗಲಾರನೆಂದು ಸಂವಿಧಾನದ 191ನೆಯ ವಿಧಿಯಲ್ಲಿದೆ. ದೇಹದ ರೋಗಗಳ ವಿಷಯದಲ್ಲಿ ಅದು ಮೌನ. 2002ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಉಮೇದುವಾರನು ತನ್ನ ಮೇಲಿನ ಮೊಕದ್ದಮೆ, ಆಸ್ತಿ, ಸಾಲ, ವಿದ್ಯಾಭ್ಯಾಸಗಳನ್ನು ಬಹಿರಂಗಪಡಿಸಬೇಕಾಯಿತು. ಆರೋಗ್ಯವು ಆ ಪಟ್ಟಿಯಲ್ಲಿಲ್ಲ.

ನಮ್ಮ ನಾಡಿನಲ್ಲಿಯೇ ನಡೆದ ಸಂಗತಿಯೊಂದನ್ನು ನೋಡಿರಿ. ನಮ್ಮಂತೆಯೇ ನಿಜಾಮ ಸೀಮೆಯವರಾದ ಚಿಂಚೋಳಿಯ ವೀರೇಂದ್ರ ಪಾಟೀಲರು 1989ರ ಚುನಾವಣೆಯಲ್ಲಿ ತಮ್ಮ ಪಕ್ಷಕ್ಕೆ 224ರಲ್ಲಿ 178 ಸ್ಥಾನಗಳನ್ನು ಗಳಿಸಿಕೊಟ್ಟು ನವೆಂಬರ 30ರಂದು ಎರಡನೆಯ ಸಲ ಮುಖ್ಯಮಂತ್ರಿಗಳಾದರು. ಮರುವರ್ಷ ಅವರಿಗೆ ಪಾರ್ಶ್ವವಾಯು ತಗಲಿತು. ಅದೇ ಹೊತ್ತಿಗೆ ಪ್ರಾಂತದ ಕೆಲವು ಊರುಗಳಲ್ಲಿ ಗಲಭೆಗಳೆದ್ದವು. ಪಕ್ಷದ ಅಧ್ಯಕ್ಷ ರಾಜೀವ ಗಾಂಧಿಯವರು ಬಂದು, ರೋಗಿಯನ್ನು ಕಂಡು, ಹಿಂದಿರುಗುವಾಗ ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಪತ್ರಕರ್ತರೆದುರು ಮುಖ್ಯಮಂತ್ರಿಗಳು ಬದಲಾಗುವರೆಂದು ಸಾರಿದರು. ಗೊಂದಲವು ಬೆಳೆದು ಅಕ್ಟೋಬರ 10ರಂದು ರಾಷ್ಟ್ರಪತಿ ಆಳಿಕೆಯಾಯಿತು; 17ರಂದು ಬಂಗಾರಪ್ಪನವರು ಗದ್ದುಗೆಗೆ ಬಂದರು. ಪಾಟೀಲರು 1997ರ ವರೆಗೆ ಬದುಕಿದ್ದರು.

ಇಲ್ಲಿ ವಿಚಾರಿಸತಕ್ಕದ್ದು ಇಷ್ಟು. ಉಮೇದುವಾರಿಕೆಯ ದಿನ ಎಷ್ಟು ಕಟ್ಟುನಿಟ್ಟಿನ ಪರೀಕ್ಷೆ ಮಾಡಿದ್ದರೂ ಮರುವರ್ಷದ ಪಾರ್ಶ್ವವಾಯುವನ್ನು ಅದು ಕಾಣುತ್ತಿರಲಿಲ್ಲ. ಇನ್ನು ಅವರು ನಿಜವಾಗಿ ಅಸಮರ್ಥರಾಗಿದ್ದರೋ ಇಲ್ಲವೋ ಎಂಬುದನ್ನು ಜನರಿಗೆ ಹೇಳಬಲ್ಲ ನಿಷ್ಪಕ್ಷಪಾತದ ವೈದ್ಯಮಂಡಲಿಯೊಂದೂ ಇರಲಿಲ್ಲ. ಅನಾರೋಗ್ಯವೇ ಕಾರಣವೋ, ಅನಾರೋಗ್ಯದ ನೆವವೋ ಎಂದು ಜನರು ಇಂದಿಗೂ ವಾದಿಸುವರು. 1994ರಲ್ಲಿ ಆ ಪಕ್ಷವು 34 ಸ್ಥಾನಗಳಿಗೆ ಇಳಿಯಿತು. ಇದೊಂದೇ ಕಾರಣವೆಂದು ನಾನು ಹೇಳೆನು. ಆದರೆ ಲಿಂಗವಂತ ಸಮಾಜವು ಈ ನೋವನ್ನು ಮರೆಯಲಿಲ್ಲವೆಂಬುದು ಸುಳ್ಳಲ್ಲ.

ಬಾಗಿಲಲ್ಲಿ ವೈದ್ಯನನ್ನು ನಿಲ್ಲಿಸಿದರೆ ಹೊರಗುಳಿಯುವವರಾರು? ಕುಣಿಮಗ್ಗದಲ್ಲಿ ಕುಳಿತು ಮೊಣಕಾಲು ಹಿಡಿದುಹೋದ ಈ ಊರಿನ ನೇಕಾರನು ಮೊದಲು ಹೊರಗುಳಿಯುವನು. ಸಿರಿವಂತನಿಗೆ ಪತ್ರವು ಎಂತೋ ದೊರಕುವದು. ಹಳೆಯ ಹೈದರಾಬಾದ ಪ್ರಾಂತದವರೇ ಆದ ಜೈಪಾಲ ರೆಡ್ಡಿಯವರು ಊರುಗೋಲುಗಳ ಮೇಲೆ ನಡೆದು ಕೇಂದ್ರಮಂತ್ರಿಗಳಾದರು. ಅಮೇರಿಕೆಯ ರೂಝ್ವೆಲ್ಟರು 1921ರಲ್ಲಿ ಕಾಲು ಸೋತ ಮೇಲೆಯೇ ನಾಲ್ಕು ಸಲ ಅಧ್ಯಕ್ಷರಾಗಿ ಆರಿಸಿಬಂದರು. ಆದರೆ ಅವರ ಹೃದಯರೋಗವನ್ನು ಜನರಿಂದ ಮುಚ್ಚಿಟ್ಟಿದ್ದರು. ನಾಲ್ಕನೆಯ ಅವಧಿಯ ಮೂರು ತಿಂಗಳು ತುಂಬುವ ಮೊದಲೇ, 1945ರ ಏಪ್ರಿಲ 12ರಂದು, ಅವರು ತೀರಿಕೊಂಡರು. ಅದಕ್ಕೂ ಮುಂಚೆ, 1919ರಲ್ಲಿ, ವಿಲ್ಸನ್ನರು ಪಾರ್ಶ್ವವಾಯುವಿನಿಂದ ಮಲಗಿದಾಗ ಮಡದಿಯೂ ವೈದ್ಯನೂ ಸೇರಿ ಲೋಕಕ್ಕೆ ನಿಜವನ್ನು ತಿಳಿಸಲಿಲ್ಲ. ಕೊನೆಗೆ 1967ರಲ್ಲಿ ಆ ದೇಶದವರು ಸಂವಿಧಾನವನ್ನು ತಿದ್ದಿ, ಅಧ್ಯಕ್ಷನು ಅಸಮರ್ಥನಾದರೆ ಮಾಡತಕ್ಕ ಕ್ರಮವನ್ನು ಬರೆದಿಟ್ಟರು. ನಮ್ಮ ಮುಖ್ಯಮಂತ್ರಿಗಳ ವಿಷಯದಲ್ಲಿ ಅಂಥ ಒಂದಕ್ಷರವೂ ಇಲ್ಲ.

ಆದುದರಿಂದ ನನ್ನ ಸೂಚನೆ ಹೀಗಿದೆ. ಅಧಿಕಾರದಲ್ಲಿದ್ದವರ ಆರೋಗ್ಯದ ಬಗೆಗೆ ಪ್ರಶ್ನೆಯೆದ್ದಾಗ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳು ಮೂವರು ವೈದ್ಯರನ್ನು ನೇಮಿಸಲಿ. ರೋಗದ ಹೆಸರು ಊರಿಗೆಲ್ಲ ತಿಳಿಯಬೇಕಾಗಿಲ್ಲ. ಕೆಲಸ ಸಾಗೀತೇ, ವಿಶ್ರಾಂತಿ ಎಷ್ಟು ದಿನ ಬೇಕು, ಇಷ್ಟನ್ನೇ ಅವರು ಬರೆದುಕೊಡಲಿ. ಆ ಬರಹವು ಪಕ್ಷದ ವರಿಷ್ಠರ ಕೈಗಲ್ಲ, ವಿಧಾನಸಭೆಯ ಅಧ್ಯಕ್ಷರ ಕೈಗೆ ಹೋಗಲಿ. 1990ರಲ್ಲಿ ಹೀಗಾಗಿದ್ದರೆ, ಪಾಟೀಲರು ಉಳಿಯಲಿ ಬಿಡಲಿ, ಆ ನಿರ್ಣಯವನ್ನು ಜನರು ಆರಿಸಿದ ಶಾಸಕರೇ ಮಾಡುತ್ತಿದ್ದರು.

ಈ ಅರ್ಥದ ಮನವಿಯೊಂದರ ಕರಡನ್ನು ತಂದಿರುವೆನು. ಸಭೆಯು ಅದನ್ನು ಓದಿಸಿ, ತಿದ್ದಿ, ಒಪ್ಪಿಗೆಯಾದರೆ ಕೊಪ್ಪಳ ಕ್ಷೇತ್ರದ ಶಾಸಕರಿಗೆ ಕಳಿಸಬೇಕೆಂದು ಕೇಳಿಕೊಳ್ಳುವೆನು.